ಬಳಪದ ಕಲ್ಲಿನ ಮಣಿಗೆ ಹಸಿರು ಗ್ಲೇಜ್: ಬದಾರಿ ವಿಧಾನ, ನನ್ನ ಅನುಭವ

ಕಲ್ಲಿನ ಮೇಲೆ ಗ್ಲೇಜ್, ಅಂದರೆ ಸುಟ್ಟು ಕೂರಿಸುವ ಗಾಜಿನಂಥ ಲೇಪ, ನಿಲ್ಲೋದಿಲ್ಲ ಅಂದವರೇ ಹೆಚ್ಚು. ನಿಂತಿದೆ, ಚಾಕುವಿನಲ್ಲಿ ಕೆರೆದರೂ ಏಳುವುದಿಲ್ಲ. ಕ್ರಿ.ಪೂ. 4400–4000ರ ಸುಮಾರಿಗೆ, ಫೇರೋಗಳು ಬರುವುದಕ್ಕೆ ಎಷ್ಟೋ ಮೊದಲು, ಈಜಿಪ್ಟಿನ ಬದಾರಿ ಜನ ಇಂಥ ಮಣಿಗಳನ್ನು ಸಾವಿರಗಟ್ಟಲೆ ಪೋಣಿಸಿ ಸೊಂಟಕ್ಕೆ ಕಟ್ಟುತ್ತಿದ್ದರು.

ಕಲ್ಲಿಗೆ ಖರ್ಚಿಲ್ಲ, ಶಿಲ್ಪಿಗಳ ಬಳಿ ಉಳಿದ ಚೂರೇ ಸಾಕು. ಕರಿ ಚುಕ್ಕೆ ಇದ್ದದ್ದು ಬೇಡ. ಅದರಲ್ಲಿರುವ ಕಬ್ಬಿಣದಿಂದ ಹಸಿರು ಕಂದಾಗುತ್ತದೆ. 5 ಮಿ.ಮೀ. ಕಡ್ಡಿ ಮಾಡಿ, ಮೊದಲು ತೂತು, ಆಮೇಲೆ ತುಂಡು. ಎರಡೂ ಕಡೆಯಿಂದ ಕೊರೆಯಿರಿ, ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ಅಂಚು ಹಾರುತ್ತದೆ. ತಂತಿಗೆ ಪೋಣಿಸಿ ಒದ್ದೆ ಮರಳುಗಲ್ಲಿನ ಮೇಲೆ 3 ಮಿ.ಮೀ.ಗೆ ಉಜ್ಜಿ.

ಹಲವರು ಸೋಲುವುದು ಒಂದೇ ಸಲಕ್ಕೆ ಸುಡಲು ಹೋಗಿ. ಕಲ್ಲಿನೊಳಗಿನ ನೀರು ಬಿಡುವುದೂ ಗ್ಲೇಜ್ ಕರಗುವುದೂ ಒಟ್ಟಿಗೇ ನಡೆದು ಮೈತುಂಬ ಗುಳ್ಳೆ. ಮೊದಲು ಬರೀ ಮಣಿ ಸುಡಿ: 800 ಡಿಗ್ರಿವರೆಗೆ ಗಂಟೆಗೆ 100ರಂತೆ, ಮುಂದೆ 950ರವರೆಗೆ 50ರಂತೆ. ಅವಸರ ಮಾಡಿದರೆ ಕಲ್ಲು ಪದರ ಬಿಡುತ್ತದೆ. ಎರಡು ಸುಡುವಿಕೆಗೆ ಇಪ್ಪತ್ತು-ಇಪ್ಪತ್ತೈದು ಯೂನಿಟ್ ಕರೆಂಟು. ಗುಳ್ಳೆ ಎದ್ದ ರಾಶಿ ಎಸೆಯುವುದಕ್ಕಿಂತ ಅಗ್ಗ.

ಸುಟ್ಟ ಕಲ್ಲು ಗಟ್ಟಿಯಾಗುವಾಗ ಸಿಲಿಕಾ ಬಿಟ್ಟುಕೊಡುತ್ತದೆ. ಅದಕ್ಕೇ ಫಯಾನ್ಸ್ (ಬೆಣಚಿನ ಪುಡಿಯಿಂದಲೇ ಮಾಡುವ ಈಜಿಪ್ಟಿನ ಗ್ಲೇಜ್ ವಸ್ತು) ಲೆಕ್ಕದಲ್ಲಿ ಬೆಣಚು ಸುರಿದರೆ ಗ್ಲೇಜ್ ಮಂಕಾಗಿ ಉದುರುತ್ತದೆ. ನನ್ನದು ತೂಕದಲ್ಲಿ ಸುಮಾರು ಸೋಡಾ 4, ಬೆಣಚಿನ ಪುಡಿ 3, ಕಾಪರ್ ಕಾರ್ಬೋನೇಟ್ 1, ಚೂರು ಸುಣ್ಣ. ಸುಣ್ಣ ಬಿಟ್ಟರೆ ಮಳೆಗಾಲದಲ್ಲಿ ಬಿಳಿ ಉಪ್ಪು ಏಳುತ್ತದೆ. ಮ್ಯಾಲಕೈಟ್ ಎಂಬ ತಾಮ್ರದ ಹಸಿರು ಹರಳು ಕುಟ್ಟಿಯೂ ನೋಡಿದೆ: ದುಡ್ಡು ಎಷ್ಟೋ ಪಟ್ಟು, ಬಣ್ಣ ಅದೇ.

ತೂತು ಮುಚ್ಚದಿರಲು ಪರಕೆಕಡ್ಡಿಯ ತೆಳು ತುದಿ ಸಿಕ್ಕಿಸಿ ಈ ಗ್ಲೇಜ್ ಮಿಶ್ರಣದಲ್ಲಿ ಅದ್ದಿ. ಕಡ್ಡಿ ಉರಿದು ಮುಗಿಯುವ ತನಕ, ಅಂದರೆ 500 ಡಿಗ್ರಿವರೆಗೆ, ಭಟ್ಟಿ ಬಾಗಿಲು ಸಂದಿಯಿಟ್ಟಿರಿ. ಹೊಗೆ ಉಳಿದರೆ ಹಸಿರು ಹೋಗಿ ಕೆಂಪೋ ಕಪ್ಪೋ ಆಗುತ್ತದೆ. ಆಮೇಲೆ ಬಾಗಿಲು ಹಾಕಿ 900ರ ಮೇಲೆ ಅರ್ಧ ಗಂಟೆ. ಮಣಿ ತಳಕ್ಕೆ ಅಂಟದಿರಲು ಅಲ್ಯೂಮಿನಾ ಪುಡಿ ಹಾಸಿದರೆ ಮುಕ್ಕಾಲು ಕೆಲಸ ಆದೀತು. ಅದಕ್ಕೆ ನಾನು ಬೆರೆಸುವುದೇನು ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ನಡುವೆ ಎಮು ಮೊಟ್ಟೆಚಿಪ್ಪಿನ ಬಿಲ್ಲೆಗಳನ್ನೂ ಮಾಡಿದೆ. ಬದಾರಿ ಜನರದು ಉಷ್ಟ್ರಪಕ್ಷಿಯ ಚಿಪ್ಪು. ಎಮುವಿನದು ತೆಳು, ತೂತು ಕೊರೆಯುವಾಗಲೇ ಅರ್ಧಕ್ಕರ್ಧ ಒಡೆಯುತ್ತದೆ. ಉಳಿದವು ಗ್ಲೇಜ್ ಮಣಿಗಳ ನಡುವೆ ಚೆನ್ನಾಗಿ ಕೂರುತ್ತವೆ. ಪೋಣಿಸುವ ಮುನ್ನ ತೂತಿನ ಅಂಚಿಗೆ ನೀರು ಹಚ್ಚಿ ನಯವಾದ ಎಮರಿ ಆಡಿಸಿ. ಗ್ಲೇಜಿನ ಅಂಚು ದಾರ ಕತ್ತರಿಸುತ್ತದೆ.