ಏಳು ವರ್ಷದ ಸೊಟ್ಟಗಾಲಿಗೆ ಪ್ಲಾಸ್ಟರ್: ನನ್ನ ಅನುಭವ

"ಏಳು ವರ್ಷದ ಕಾಲಿಗೆ ಪ್ಲಾಸ್ಟರ್ ಹಾಕ್ತೀಯಾ? ಸುಮ್ನೆ ಆರು ತಿಂಗಳು ಹಾಳು" ಅಂದಿದ್ದರು ನನ್ನ ಹಿರಿಯ ಡಾಕ್ಟರೊಬ್ಬರು. ಬಿಗಿಯಾಗಿರೋದನ್ನೆಲ್ಲ ಪೂರ್ತಿ ಬಿಡಿಸಿ ಆಪರೇಷನ್ ಮಾಡು, ಇಲ್ಲಾಂದ್ರೆ ಹನ್ನೆರಡು ವರ್ಷ ತುಂಬಲಿ, ಪಾದದ ಮೂರು ಕೀಲು ಬೆಸೆದುಬಿಡು ಅನ್ನೋದು ಅವರ ಲೆಕ್ಕ. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿಕೊಂಡಿದ್ದ (ಸೊಟ್ಟಗಾಲು, ಕ್ಲಬ್‌ಫುಟ್) ಆ ಹುಡುಗ ಹೋದ ವಾರ ಜಗಳೂರು ಕಡೆಯಿಂದ ಬಂದು, ಎರಡೂ ಅಂಗಾಲು ಊರಿಕೊಂಡು ದಾವಣಗೆರೆಯ ನಮ್ಮ ಓಪಿಡಿಯೊಳಗೆ ನಡೆದ. ಅದಕ್ಕೇ ಬರೆಯುತ್ತಿದ್ದೇನೆ.

ಪೊನ್ಸೆಟಿ ವಿಧಾನ ಅಂದ್ರೆ ಪಾದವನ್ನು ಕೈಯಲ್ಲೇ ಸ್ವಲ್ಪ ಸ್ವಲ್ಪ ತಿದ್ದಿ, ಪ್ರತಿ ಸಲ ಪ್ಲಾಸ್ಟರ್ ಹಾಕಿ ಹಿಡಿದಿಡೋದು. ಹಸುಗೂಸಿನಲ್ಲಿ ಐದಾರು ಪ್ಲಾಸ್ಟರ್‌ಗೆ ಕಾಲು ತಿರುಗುತ್ತೆ, ಅದರಲ್ಲಿ ಯಾರಿಗೂ ತಕರಾರಿಲ್ಲ. ನಡೆಯೋ ಮಕ್ಕಳ ವಿಷಯಕ್ಕೆ ಬಂದಾಗಲೇ ಜಗಳ.

ಮೊದಲು ಸೋತಿದ್ದು ಹೇಳಿಬಿಡುತ್ತೇನೆ. ಐದು ವರ್ಷದ ಒಬ್ಬ ಹುಡುಗಿಗೆ ಮಂಡಿ ಕೆಳಗೆ ಮಾತ್ರ ಪ್ಲಾಸ್ಟರ್ ಹಾಕಿದ್ದೆ. ಮೂರನೇ ದಿನಕ್ಕೆ ಜಾರಿತು. ಟೇಲಸ್ (ಕಣಕಾಲಿನ ಕೆಳಗಿನ ಮೂಳೆ) ತಲೆ ಮೇಲೆ ನಾಲ್ಕಾಣೆ ಅಗಲದ ಹುಣ್ಣು. ಅವಸರದಲ್ಲಿ ವಾರಕ್ಕೊಮ್ಮೆ ಬದಲಾಯಿಸುತ್ತಿದ್ದೆ, ಜಾಸ್ತಿ ಒತ್ತುತ್ತಿದ್ದೆ. ನಾಲ್ಕು ಪ್ಲಾಸ್ಟರ್ ಆದಮೇಲೆ ಅವರು ಬರಲೇ ಇಲ್ಲ. ಬಸ್ಸಿಗೆ, ಊಟಕ್ಕೆ, ತಪ್ಪಿದ ಕೂಲಿಗೆ ಸೇರಿ ಒಂದು ಸಲಕ್ಕೆ ಆರೇಳು ನೂರು ಹೋಗುತ್ತಿತ್ತು. ಇದು ಶಕ್ತಿ ಯೋಜನೆ ಬರೋದಕ್ಕೆ ಮುಂಚಿನ ಮಾತು. 2023ರ ಜೂನ್ ಆದಮೇಲೆ ತಾಯಂದಿರಿಗೆ ಸರ್ಕಾರಿ ಬಸ್ಸು ಉಚಿತ ಆಯಿತು. ಈ ಹುಡುಗನ ತಾಯಿ ಹತ್ತು ಸಲ ಬಂದರು, ಬಸ್ಸಿಗೆ ಹುಡುಗನ ಅರ್ಧ ಟಿಕೆಟ್ ಬಿಟ್ಟರೆ ಬೇರೆ ಖರ್ಚಿಲ್ಲ. ನನ್ನ ಕೈಚಳಕಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತು ಅನ್ನಿಸುತ್ತೆ.

ಹುಡುಗನಿಗೆ ಎರಡೂ ಕಾಲು ಸೊಟ್ಟ. ಹೊಟ್ಟೇಲಿದ್ದಾಗ ಗ್ರಹಣ ನೋಡಿದ್ದಕ್ಕೆ ಹಿಂಗಾಯ್ತು ಅಂತ ಅಜ್ಜಿ ಸೊಸೆಯನ್ನು ಏಳು ವರ್ಷ ಅಂದಾಡಿದ್ದಾರೆ. "ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ" ಅಂತ ಅಜ್ಜಿ ಎದುರೇ ಹೇಳಿದೆ. ಆ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಪಾದದ ಮೇಲ್ಭಾಗದ ಹೊರ ಅಂಚಿನ ಮೇಲೆ ನಡೆದು ನಡೆದು ಅಲ್ಲಿ ಚಪ್ಪಲಿ ತೊಗಲಿನಷ್ಟು ದಪ್ಪ ಜಡ್ಡು ಕಟ್ಟಿತ್ತು.

ಈ ಸಲ ತೊಡೆವರೆಗೆ ಪ್ಲಾಸ್ಟರ್, ಎರಡು ವಾರಕ್ಕೊಮ್ಮೆ. ಪ್ರತಿ ಸಲ ಒಂದೊಂದು ಕಾಲನ್ನು ಹತ್ತು ನಿಮಿಷ ಕೈಯಲ್ಲೇ ತಿದ್ದಿ ಆಮೇಲೆ ಹತ್ತಿ ಸುತ್ತಿದೆ. ಹೆಬ್ಬೆರಳು ಟೇಲಸ್ ತಲೆ ಮೇಲೆ, ಹಿಮ್ಮಡಿ ಮುಟ್ಟಲಿಲ್ಲ. ಹಸುಗೂಸಿನ ಹಾಗೆ 60–70 ಡಿಗ್ರಿ ಹೊರಗೆ ತಿರುಗಿಸೋ ಆಸೆ ಬಿಟ್ಟೆ, 40ರ ಹತ್ತಿರ ಬಂದರೆ ಸಾಕು. ಮಂಡಿ ಹತ್ತಿರ ಪ್ಲಾಸ್ಟರ್ ಜಾರದ ಹಾಗೆ ನಾನು ಹಾಕೋ ಸುತ್ತು ಒಂದಿದೆ. ಅದು ಬರೆದರೆ ತಿಳಿಯೋದಲ್ಲ. ಬಂದವರಿಗೆ ಕೈ ಹಿಡಿದು ತೋರಿಸುತ್ತೇನೆ.

ನಡುವೆ ಒಂದು ಸಲ ಫೈಬರ್ ಪ್ಲಾಸ್ಟರ್ ಹಾಕಿ ನೋಡಿದೆ. ಹಗುರ ಹೌದು, ಆದರೆ ಬೆರಳ ಅಚ್ಚು ಹಿಡಿಯೋದಿಲ್ಲ, ರೇಟು ನಾಲ್ಕು ಪಟ್ಟು. ವಾಪಸ್ ಮಾಮೂಲಿ ಪಿಓಪಿಗೇ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಂದೆ. ಇನ್ನೊಂದು ನನ್ನದೇ ಹುಚ್ಚು: ಪ್ರತಿ ಸಲ ಪ್ಲಾಸ್ಟರ್ ಬಿಚ್ಚಿದಾಗ ಓಪಿಡಿಯ ಸ್ಟ್ಯಾಂಪ್ ಪ್ಯಾಡ್ ಇಂಕು ಹಚ್ಚಿ ಹಾಳೆ ಮೇಲೆ ಪಾದ ಊರಿಸಿದೆ. ಮೊದಲ ಹಾಳೆಯಲ್ಲಿ ಹುಣಸೆಕಾಯಿಯಂಥ ಒಂದು ಗೆರೆ. ಆರನೆಯದರಲ್ಲಿ ಕಿರುಬೆರಳ ಬುಡ ಮೂಡಿತು. ಒಂಬತ್ತನೆಯದರಲ್ಲಿ ಐದೂ ಬೆರಳು. ಎಕ್ಸ್‌ರೇಗಿಂತ ಆ ಹಾಳೆಗಳೇ ಹಿರಿಯರ ಬಾಯಿ ಮುಚ್ಚಿಸಿದವು.

ಹತ್ತನೇ ಪ್ಲಾಸ್ಟರ್ ನಂತರ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದೆ. ಬಲಗಾಲಿಗೆ ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಕೊಯ್ದಿದ್ದೇ ಸಾಕಾಯಿತು. ಕೊಯ್ದ ಕೂಡಲೇ ಪಾದ ಸಡಿಲಾಗಿ ಮೇಲೆ ಬಂದಿದ್ದು ಕೈಗೇ ತಿಳಿಯಿತು. ಎಡಗಾಲು ಅಷ್ಟಕ್ಕೆ ಬಗ್ಗಲಿಲ್ಲ, ಕಣಕಾಲ ಕೀಲಿನ ಹಿಂಬದಿಯ ಚೀಲವನ್ನೂ ಬಿಡಿಸಬೇಕಾಯಿತು. ಅದೇ ಸಲ ಎರಡೂ ಕಡೆ ಟಿಬಿಯಾಲಿಸ್ ಆಂಟೀರಿಯರ್ (ಪಾದವನ್ನು ಮೇಲಕ್ಕೆ, ಒಳಕ್ಕೆ ಎಳೆಯೋ ಸ್ನಾಯು) ರಜ್ಜುವನ್ನು ಪಾದದ ನಡುವಿನ ಮೂರನೇ ಕ್ಯೂನಿಫಾರ್ಮ್ ಮೂಳೆಗೆ ಸಾಗಿಸಿದೆ. ಮತ್ತೆ ಆರು ವಾರ ಪ್ಲಾಸ್ಟರ್.

ಪಿಓಪಿ, ಹತ್ತಿ ಎಲ್ಲ ಸೇರಿ ಐದು ಸಾವಿರದ ಒಳಗೇ ಮುಗಿಯಿತು ಅಂತ ನೆನಪು. ತಿದ್ದಿದ ಪಾದ ಮತ್ತೆ ಸೊಟ್ಟ ಆಗದ ಹಾಗೆ ಹಿಡಿದಿಡೋ ತಯಾರಾದ ಬ್ರೇಸಿಗೆ (ಪಟ್ಟಿಗೆ ಜೋಡಿಸಿದ ಬೂಟು) ಆರೇಳು ಸಾವಿರ ಕೇಳಿದರು. ಚಪ್ಪಲಿ ಹೊಲಿಯುವ ಒಬ್ಬರು ಬೂಟು ಹೊಲಿದರು, ವೆಲ್ಡಿಂಗ್ ಅಂಗಡಿಯವರು ಪಟ್ಟಿ ಮಾಡಿಕೊಟ್ಟರು. ಎಲ್ಲ ಸೇರಿ ಸಾವಿರದ ಇನ್ನೂರು. ಹಿಮ್ಮಡಿ ಹತ್ತಿರ ಒಂದು ತೂತು ಕೊರೆಸಿದ್ದೇನೆ. ಪಾದ ಸರಿಯಾಗಿ ಕೂತಿದೆಯಾ ಅಂತ ತಾಯಿ ಅದರಲ್ಲೇ ನೋಡಬಹುದು. ರಾತ್ರಿ ಮಾತ್ರ ಹಾಕೋದು.

ಪ್ಲಾಸ್ಟರ್ ಬಿಚ್ಚಿದ ದಿನ ಹುಡುಗ ನಿಂತ ಕೂಡಲೇ ಅತ್ತುಬಿಟ್ಟ. ಏನೋ ಕೆಟ್ಟಿತು ಅಂತ ನನ್ನ ಎದೆ ಧಸಕ್ಕೆಂದಿತು. ಮುಟ್ಟಿ ನೋಡಿದೆ. ಏಳು ವರ್ಷ ನೆಲ ಕಾಣದ ಅಂಗಾಲು, ಹಸುಗೂಸಿನ ಕೆನ್ನೆಯಷ್ಟು ಮೆತ್ತಗೆ. ಮೊಸಾಯಿಕ್ ನೆಲದ ತಣ್ಣನೆಗೆ ಬೆಚ್ಚಿದ್ದ ಅಷ್ಟೇ. ತಾಯಿ ಸೆರಗನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿದರು. ಅದರ ಮೇಲೆ ಎರಡು ಹೆಜ್ಜೆ ಇಟ್ಟ.

ಎಡಗಾಲು ಇನ್ನೂ ಸ್ವಲ್ಪ ಬಿಗಿ ಇದೆ. ಮುಂದಿನ ತಿಂಗಳು ಮತ್ತೆ ಬರ ಹೇಳಿದ್ದೇನೆ, ಇಂಕಿನ ಹಾಳೆ ಇಟ್ಟುಕೊಂಡಿದ್ದೇನೆ.