ಗಾಳಿಯ ಕೋಣೆಗಳಲ್ಲಿ ಪಾಲಿಅಸಿಟಿಲೀನ್: ತುದಿ ಸ್ಥಿತಿಯನ್ನು ಮೈಕ್‌ನಲ್ಲಿ ಅಳೆಯುವ ಬಗೆ

ಪಾಲಿಅಸಿಟಿಲೀನ್ ಎಂಬ ಉದ್ದ ಸರಪಳಿಯ ಅಣುವಿನಲ್ಲಿ ಕಾರ್ಬನ್ ಪರಮಾಣುಗಳ ನಡುವೆ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುತ್ತವೆ. ಭೌತವಿಜ್ಞಾನಿಗಳಾದ ಸು, ಶ್ರೀಫರ್, ಹೀಗರ್ 1979ರಲ್ಲಿ ಕೊಟ್ಟ ಮಾದರಿಯಂತೆ, ಸರಪಳಿ ದುರ್ಬಲ ಬಂಧದಿಂದ (ಅಂದರೆ ಒಂಟಿ ಬಂಧದಿಂದ) ಶುರುವಾದರೆ ಬ್ಯಾಂಡ್ ಗ್ಯಾಪ್‌ನ, ಅಂದರೆ ಅಲೆಗಳು ಸರಪಳಿಯಲ್ಲಿ ಸಾಗಬಲ್ಲ ಎರಡು ಪಟ್ಟಿಗಳ (ಬ್ಯಾಂಡ್‌ಗಳ) ನಡುವಿನ ಖಾಲಿ ಜಾಗದ, ನಡುಮಧ್ಯೆ ಒಂದು ತುದಿ ಸ್ಥಿತಿ (ಸರಪಳಿಯ ತುದಿಯಲ್ಲೇ ಉಳಿಯುವ ಕಂಪನ) ನಿಲ್ಲುತ್ತದೆ. ಪರಮಾಣುವಿನ ಜಾಗಕ್ಕೆ ಗಾಳಿಯ ಕೋಣೆ, ಬಂಧದ ಜಾಗಕ್ಕೆ ನಾಳ ಹಾಕಿದರೆ ಅದನ್ನು ಶಬ್ದದಲ್ಲೇ ನೋಡಬಹುದು.

ಕೋಣೆಯ ಒಳ ಅಳತೆ 20 × 20 × 40 ಮಿ.ಮೀ. ಇರಲಿ. 40 ಮಿ.ಮೀ. ಉದ್ದಕ್ಕೆ ಅರ್ಧ ತರಂಗ ಕೂತಾಗ ಒಂಟಿ ಕೋಣೆಯ ಆವೃತ್ತಿ ಸುಮಾರು 4290 ಹರ್ಟ್ಸ್. ಈ ಕಂಪನದಲ್ಲಿ ಒತ್ತಡ ಎರಡು ಕೊನೆಗಳಲ್ಲಿ ಗರಿಷ್ಠ, ನಡುವೆ ಸೊನ್ನೆ. ಆದ್ದರಿಂದ ನಾಳಗಳನ್ನು ನಡುವೆ ಇಡಬೇಡಿ. ಎರಡೂ ಕೊನೆಗಳಿಂದ 5 ಮಿ.ಮೀ. ಒಳಗೆ, ಪ್ರತಿ ಬಂಧಕ್ಕೆ ಎರಡರಂತೆ ಇಡಿ. ನಾಳದ ಉದ್ದ 10 ಮಿ.ಮೀ.; ದುರ್ಬಲ ಬಂಧಕ್ಕೆ 4 ಮಿ.ಮೀ. ಚೌಕ, ಬಲವಾದದ್ದಕ್ಕೆ 7 ಮಿ.ಮೀ. ಚೌಕ. ಇನ್ನೂ ಸಣ್ಣದು ಮಾಡಿದರೆ ಗೋಡೆಯ ಘರ್ಷಣೆಯೇ ಶಬ್ದವನ್ನು ನುಂಗುತ್ತದೆ. ಒಟ್ಟು 16 ಕೋಣೆ ಸಾಕು. ರೆಸಿನ್ ಪ್ರಿಂಟ್ ಉತ್ತಮ, ಗೋಡೆ 4 ಮಿ.ಮೀ. ಇರಲಿ. ಫಿಲಮೆಂಟ್ ಪ್ರಿಂಟರ್ ಆದರೆ ಪದರಗಳ ಸಂದಿಯಲ್ಲಿ ಗಾಳಿ ಸೋರುತ್ತದೆ, ಒಳಗೆ ಎಪಾಕ್ಸಿ ಬಳಿಯಲೇಬೇಕು.

ಹೆಚ್ಚಿನವರ ಪ್ರಯೋಗ ಕೆಡುವುದು ತುದಿಯ ಕೋಣೆಯಲ್ಲಿ. ನಾಳ ಜೋಡಣೆಯನ್ನಷ್ಟೇ ಮಾಡುವುದಿಲ್ಲ, ಕೋಣೆಯ ಸ್ವಂತ ಆವೃತ್ತಿಯನ್ನೂ ಮೇಲೆತ್ತುತ್ತದೆ. ಈ ಅಳತೆಗಳಲ್ಲಿ ಒಳಗಿನ ಕೋಣೆಗಳ ಆವೃತ್ತಿ 4600 ಹರ್ಟ್ಸ್ ಆಸುಪಾಸಿಗೆ ಏರುತ್ತದೆ. ತುದಿಯ ಕೋಣೆಗೆ ಬಲವಾದ ಬಂಧವೊಂದು ಕಡಿಮೆ, ಹಾಗಾಗಿ ಅದು ಸುಮಾರು 240 ಹರ್ಟ್ಸ್ ಕೆಳಗೇ ಉಳಿದು ಗ್ಯಾಪ್‌ನ ಕೆಳಗಿನ ಬ್ಯಾಂಡ್‌ನಲ್ಲಿ ಕರಗಿಹೋಗುತ್ತದೆ. ಗ್ಯಾಪ್ ಇರುವುದೇ ಸುಮಾರು 300 ಹರ್ಟ್ಸ್! ಮುಚ್ಚಿದ ಕುರುಡು ನಾಳ ಅಂಟಿಸಿದರೆ ಇದು ಸರಿಹೋಗದು. ತುದಿಯ ಕೋಣೆಯನ್ನು ಸುಮಾರು 2 ಮಿ.ಮೀ. ಗಿಡ್ಡ ಮಾಡಿ. ಮುಚ್ಚಳ ಬಿಚ್ಚುವಂತಿದ್ದರೆ ತೆಳು ಬಿಲ್ಲೆಗಳನ್ನು ಒಳಗಿಟ್ಟು ಹೊಂದಿಸಿಕೊಳ್ಳಬಹುದು.

ಪ್ರತಿ ಕೋಣೆಯ ಒಂದು ಕೊನೆಯಲ್ಲಿ ಮೈಕ್‌ಗಾಗಿ 2 ಮಿ.ಮೀ. ತೂತು ಬಿಡಿ, ಅಳೆಯದಾಗ ಬೆಣೆ ಹಾಕಿ ಮುಚ್ಚಿ. ಇಯರ್‌ಫೋನ್ ಡ್ರೈವರನ್ನು ಮೊದಲ ಕೋಣೆಗೆ ಕೂರಿಸಿ, 3.8ರಿಂದ 5.4 ಕಿಲೋಹರ್ಟ್ಸ್‌ವರೆಗೆ 2 ಹರ್ಟ್ಸ್ ಹೆಜ್ಜೆಯಲ್ಲಿ ಆವೃತ್ತಿ ಏರಿಸುತ್ತ ಸ್ವೀಪ್ ಮಾಡಿ. ಕೊಠಡಿಯ ತಾಪ 1 ಡಿಗ್ರಿ ಏರಿದರೆ ಶಿಖರ ಸುಮಾರು 8 ಹರ್ಟ್ಸ್ ಜರುಗುತ್ತದೆ, ಪ್ರತಿ ಸ್ವೀಪ್‌ಗೂ ತಾಪ ಬರೆದಿಡಿ.

ಶಬ್ದ ಒಳಗೆ ಹೋದಂತೆ ಕ್ಷೀಣಿಸಿತು ಎಂಬುದು ಪುರಾವೆಯಲ್ಲ. ಗ್ಯಾಪ್‌ನಲ್ಲಿ ಯಾವ ಸರಪಳಿಯಾದರೂ ಹಾಗೇ ಮಾಡುತ್ತದೆ. ಮೊದಲ ಕೋಣೆಯಲ್ಲಿ ಗ್ಯಾಪ್ ಮಧ್ಯೆ ಸ್ಪಷ್ಟ ಶಿಖರ ಬೇಕು, ಎರಡನೆಯದರಲ್ಲಿ ಒತ್ತಡ ಸೊನ್ನೆಯ ಹತ್ತಿರ ಇರಬೇಕು, ಮೂರನೆಯದರಲ್ಲಿ ಮೊದಲಿನದರ ಮೂರನೇ ಒಂದರಷ್ಟು, ಅದೂ ಹಂತ (ಫೇಸ್) ತಿರುವುಮುರುವಾಗಿ, ಅಂದರೆ ಮೊದಲನೆಯದರಲ್ಲಿ ಒತ್ತಡ ಏರುವಾಗ ಇಲ್ಲಿ ಇಳಿಯಬೇಕು. ಬಲವಾದ ಬಂಧದಿಂದ ಶುರುವಾಗುವ ಇನ್ನೊಂದು ಸರಪಳಿಯನ್ನೂ ಮಾಡಿ ಹೋಲಿಸಿ (ಅದರ ತುದಿಯಲ್ಲಿ 0.8 ಮಿ.ಮೀ. ಕಡಿತ ಸಾಕು), ಅಲ್ಲಿ ಆ ಶಿಖರ ಕಾಣಿಸಬಾರದು.

ಇದೇ ಕೋಣೆಗಳನ್ನು ಜೇನುಗೂಡಿನ ಜಾಲದಲ್ಲಿ, ತಲಾ ಮೂರು ನೆರೆಯಂತೆ ಜೋಡಿಸಿದರೆ ಗ್ರಾಫೀನ್‌ನ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಯ) ಮಾದರಿ. ಹಾಳೆಯನ್ನು ಕತ್ತರಿಸುವ ದಿಕ್ಕಿನ ಮೇಲೆ ಅಂಚಿನ ಆಕಾರ ಬೇರೆಯಾಗುತ್ತದೆ: ಅಂಚು ಸ್ಥಿತಿಗಳು ಜಿಗ್‌ಜಾಗ್ ಎಂಬ ಅಂಚಿನಲ್ಲಿ ಸಿಗುತ್ತವೆ, ಆರ್ಮ್‌ಚೇರ್ ಎಂಬ ಅಂಚಿನಲ್ಲಿ ಸಿಗುವುದಿಲ್ಲ. ಅಂಚಿನ ಕೋಣೆಗಳ ಉದ್ದ ತಿದ್ದುವ ಕೆಲಸ ಅಲ್ಲೂ ತಪ್ಪಿದ್ದಲ್ಲ.