ಮೂವತ್ತೈದು ದಾಟಿದ ಮೇಲೆ ಕಂಪ್ಯೂಟರ್ ಪದವಿ: ಸೇರಬೇಕೇ ಬೇಡವೇ ಎಂದು ತೀರ್ಮಾನಿಸುವುದು ಹೇಗೆ?

ದೂರಶಿಕ್ಷಣದ ಅಧ್ಯಯನ ಕೇಂದ್ರವೊಂದರಲ್ಲಿ ಬಿಸಿಎ (ಕಂಪ್ಯೂಟರ್ ಅನ್ವಯಗಳ ಪದವಿ) ವಿದ್ಯಾರ್ಥಿಗಳಿಗೆ ಭಾನುವಾರಗಳಂದು ಪಾಠ ಹೇಳುವ ನಾನು ಪ್ರತಿ ವರ್ಷ ಒಂದೇ ಸಂಗತಿಯನ್ನು ಕಾಣುತ್ತೇನೆ. ಬ್ಯಾಂಕಿನ ಗುಮಾಸ್ತರು, ಶಾಲಾ ಶಿಕ್ಷಕಿಯರು, ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಳು, ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಮತ್ತೆ ಓದಲು ಹೊರಟ ತಾಯಂದಿರು ಮೊದಲ ತರಗತಿಯಲ್ಲಿ ಮುಂದಿನ ಬೆಂಚಿನಲ್ಲೇ ಕುಳಿತಿರುತ್ತಾರೆ; ಎರಡನೆಯ ಸೆಮಿಸ್ಟರ್ ಬರುವ ಹೊತ್ತಿಗೆ ಅವರಲ್ಲಿ ಹಲವರು ಕಾಣಿಸುವುದಿಲ್ಲ. ವಯಸ್ಸು ಹೆಚ್ಚಾದದ್ದೇ ಕಾರಣವೆಂದು ಅವರೂ ಅವರ ಮನೆಯವರೂ ಹೇಳುವುದನ್ನು ನಾನು ಒಪ್ಪಲಾರೆ. ಶುಲ್ಕ ಕಟ್ಟುವ ಮೊದಲು ಮಾಡಬೇಕಾಗಿದ್ದ ತೀರ್ಮಾನವನ್ನು ಅವರು ಕಟ್ಟಿದ ಆರು ತಿಂಗಳ ಮೇಲೆ ಮಾಡಿದರು, ಅಷ್ಟೆ. ಆ ತೀರ್ಮಾನವನ್ನು ಮೊದಲೇ ಮಾಡುವ ಕ್ರಮ ಇಲ್ಲಿದೆ.

ಹೆಜ್ಜೆ 1: ಪದವಿ ಏಕೆ ಬೇಕೆಂದು ಬರೆಯಿರಿ

ಒಂದು ಹಾಳೆಯಲ್ಲಿ ಒಂದೇ ವಾಕ್ಯ ಸಾಕು. ಈಗಿನ ಕಚೇರಿಯಲ್ಲಿ ಬಡ್ತಿಗೆ ಪದವಿ ಬೇಕೆಂದಾದರೆ, ದೂರಶಿಕ್ಷಣದ ಪದವಿಯನ್ನು ಪರಿಗಣಿಸುತ್ತಾರೆಯೇ ಎಂದು ಆಡಳಿತ ವಿಭಾಗದಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಕ್ಯಾಂಪಸ್ ಸಂದರ್ಶನದ ಮೂಲಕ ಸಾಫ್ಟ್‌ವೇರ್ ಕಂಪನಿ ಸೇರಬೇಕೆಂಬುದು ಕಾರಣವಾಗಿದ್ದರೆ ಇನ್ನೊಮ್ಮೆ ಯೋಚಿಸಿ, ಏಕೆಂದರೆ ಆ ನೇಮಕಾತಿಯನ್ನು ಆಯಾ ವರ್ಷ ಓದು ಮುಗಿಸುವ ಯುವಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿರುತ್ತಾರೆ. ನಡುವಯಸ್ಸಿನವರಿಗೆ ನಾನು ಖಚಿತವಾಗಿ ಹೇಳುವುದು ಇಷ್ಟು: ಹದಿನೈದು ವರ್ಷ ದುಡಿದ ಕ್ಷೇತ್ರವನ್ನು ಬಿಡಬೇಡಿ. ಲೆಕ್ಕಪತ್ರ ಬಲ್ಲವರು ಡೇಟಾಬೇಸ್ ಕಲಿತರೆ, ಆಸ್ಪತ್ರೆಯ ದಾಖಲೆ ವಿಭಾಗದಲ್ಲಿರುವವರು ದತ್ತಾಂಶ ವಿಶ್ಲೇಷಣೆ ಕಲಿತರೆ, ಅವರ ಹಳೆಯ ಅನುಭವಕ್ಕೂ ಬೆಲೆ ಉಳಿಯುತ್ತದೆ.

ಹೆಜ್ಜೆ 2: ದಾರಿ ಮತ್ತು ಮಾನ್ಯತೆ

ಪಿಯುಸಿ ಮಾತ್ರ ಆಗಿದ್ದರೆ ಬಿಸಿಎ. ಯಾವುದಾದರೂ ಪದವಿ ಇದ್ದರೆ ಎರಡು ವರ್ಷದ ಎಂಸಿಎ, ಅಂದರೆ ಅದೇ ವಿಷಯದ ಸ್ನಾತಕೋತ್ತರ ಪದವಿ. ಎಂಸಿಎಗೆ ಗಣಿತ ಓದಿರಬೇಕೇ, ಓದಿಲ್ಲದವರಿಗೆ ಆ ಕೊರತೆ ತುಂಬುವ ಬ್ರಿಡ್ಜ್ ಕೋರ್ಸ್ ಇದೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್‌ನಲ್ಲಿಯೇ ನೋಡಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮತ್ತು ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಹೆಚ್ಚಿನವರಿಗೆ ತಿಳಿದ ಹೆಸರುಗಳು. ಇಗ್ನೋದ ಬಿಸಿಎ ಮುಗಿಸಲು ಕನಿಷ್ಠ 3, ಗರಿಷ್ಠ 6 ವರ್ಷಗಳ ಅವಕಾಶವಿರುವುದು ಸಂಸಾರಸ್ಥರಿಗೆ ದೊಡ್ಡ ಅನುಕೂಲ. ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಪದವಿಗೆ ವಯಸ್ಸಿನ ಮಿತಿಯಿಲ್ಲ. ನಾಲ್ಕು ವಾರಗಳ ಪಾಠ ಕೊಟ್ಟ ನಂತರವೇ ಅರ್ಹತಾ ಪರೀಕ್ಷೆ ನಡೆಸುತ್ತಾರೆ, ನಡುವೆ ನಿಲ್ಲಿಸಿದವರಿಗೂ ಮುಗಿಸಿದ ಹಂತದ ಪ್ರಮಾಣಪತ್ರ ಸಿಗುತ್ತದೆ. ಶ್ರಮ ಹೆಚ್ಚಾದರೂ ನನ್ನ ಮೊದಲ ಆಯ್ಕೆ ಇದೇ.

ಮಾನ್ಯತೆ ಪಡೆದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಸಾಮಾನ್ಯ ಪದವಿಗಳಿಗೆ ಸಮಾನವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಆ ಮಾನ್ಯತೆಯನ್ನು ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿನ ಹೆಸರಿನಲ್ಲಿಯೇ, ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡಿಇಬಿ) ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳಿ. ದಲ್ಲಾಳಿ ತೋರಿಸುವ ಹಳೆಯ ಪತ್ರವನ್ನು ನಂಬಬೇಡಿ. ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಡುತ್ತೇವೆ ಎನ್ನುವವರಿಂದ ದೂರವಿರಿ. ಅನುಮತಿಯಿಲ್ಲದೆ ಅಂಥ ಪದವಿ ನೀಡಿದ್ದ ಡೀಮ್ಡ್ ವಿಶ್ವವಿದ್ಯಾಲಯಗಳ ವಿರುದ್ಧ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಪೆಟ್ಟು ಬಿದ್ದದ್ದು ವರ್ಷಗಳ ಹಿಂದೆಯೇ ಓದು ಮುಗಿಸಿದ್ದ ಉದ್ಯೋಗಸ್ಥರಿಗೆ. ಹಾಗೆಯೇ, ಆರು ತಿಂಗಳಲ್ಲಿ ನೂರಕ್ಕೆ ನೂರು ಉದ್ಯೋಗವೆಂದು ಹೇಳಿ, ಮೊಬೈಲಿನಲ್ಲೇ ಸಾಲದ ಅರ್ಜಿ ತುಂಬಿಸಿ, ಮರು ತಿಂಗಳಿಂದಲೇ ಕಂತು ಕೀಳುವ ತರಬೇತಿ ಕೋರ್ಸ್‌ಗಳಿಂದ ನನ್ನ ಕೆಲವು ವಿದ್ಯಾರ್ಥಿಗಳು ಪದವಿಯ ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನು ಕಳೆದುಕೊಂಡಿದ್ದಾರೆ. ಅವುಗಳ ಪ್ರಮಾಣಪತ್ರ ಪದವಿಯಲ್ಲ.

ಹೆಜ್ಜೆ 3: ಹನ್ನೆರಡು ವಾರ ವಿದ್ಯಾರ್ಥಿಯಾಗಿ ಬದುಕಿ ನೋಡಿ

ಎಲ್ಲರೂ ಎಡವುವುದು ಇಲ್ಲಿಯೇ. ಸೇರುವ ಮೊದಲು ಹತ್ತು ಜನರ ಸಲಹೆ ಕೇಳುತ್ತಾರೆ, ಯೂಟ್ಯೂಬಿನಲ್ಲಿ ನಾಲ್ಕು ಪಾಠ ನೋಡಿ ಅರ್ಥವಾಯಿತೆಂದು ಸಮಾಧಾನಪಡುತ್ತಾರೆ. ಕೈಯಿಂದ ಒಂದು ಸಾಲು ಪ್ರೋಗ್ರಾಂ ಬರೆದಿರುವುದಿಲ್ಲ. ಈಜುವವರನ್ನು ದಡದಲ್ಲಿ ನಿಂತು ನೋಡಿದರೆ ಈಜು ಬಂದೀತೇ?

ವಾರಕ್ಕೆ ಐದು ದಿನ, ದಿನಕ್ಕೆ ಎರಡು ಗಂಟೆ, ಒಂದೇ ಹೊತ್ತಿಗೆ ಕುಳಿತುಕೊಳ್ಳಿ. ಬೆಳಗಿನ ನಾಲ್ಕೂವರೆಯಿಂದ ಆರೂವರೆ ಎಲ್ಲಕ್ಕಿಂತ ಒಳ್ಳೆಯದು. ಅಡುಗೆ, ಊಟ, ಮಕ್ಕಳ ಹೋಂವರ್ಕ್ ಎಲ್ಲ ಮುಗಿದ ರಾತ್ರಿ ಹತ್ತರ ನಂತರದ ಓದನ್ನು ಮೂರು ತಿಂಗಳು ಉಳಿಸಿಕೊಂಡವರನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ರಜೆ ಹಾಕಿ ಈ ಪರೀಕ್ಷೆ ಮಾಡಬೇಡಿ. ಕಚೇರಿಯ ವರ್ಷಾಂತ್ಯದ ಕೆಲಸ, ನೆಂಟರ ಮದುವೆ, ಮಗುವಿನ ಜ್ವರ ಎಲ್ಲವೂ ಇರುವ ತಿಂಗಳುಗಳೇ ಬೇಕು, ಏಕೆಂದರೆ ಮುಂದಿನ ಮೂರು ವರ್ಷಗಳೂ ಹಾಗೆಯೇ ಇರುತ್ತವೆ. ಕುಳಿತ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಪಾಠಮಾಲೆ ಎನ್‌ಪಿಟಿಇಎಲ್‌ನ ಪೈಥಾನ್ (ಪ್ರೋಗ್ರಾಂ ಬರೆಯುವ ಒಂದು ಭಾಷೆ) ಪಾಠಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಪಾಠ ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕವಿರುತ್ತದೆ. ಮೊದಲ ಮೂರು ವಾರ ಹಿತವಾಗಿ ಸಾಗುತ್ತದೆ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಒಳಗೆ ಲೂಪ್, ಫಂಕ್ಷನ್‌ಗಳು (ಹೆಸರಿಟ್ಟು ಕರೆಯುವ ಪುಟ್ಟ ಪ್ರೋಗ್ರಾಂ ತುಂಡುಗಳು), ತನ್ನನ್ನೇ ಕರೆಯುವ ಫಂಕ್ಷನ್ ಬಂದಾಗ ಗಾಡಿ ನಿಲ್ಲುತ್ತದೆ. ಆಗ ಮುಂದಿನ ವಿಡಿಯೊಗೆ ಹೋಗದೆ ಕಾಗದ ತೆಗೆದುಕೊಂಡು, ಪ್ರತಿ ಸಾಲು ನಡೆದಾಗ ಪ್ರೋಗ್ರಾಂನಲ್ಲಿ ಮೌಲ್ಯಗಳಿಗೆ ಇಟ್ಟ ಪ್ರತಿ ಹೆಸರಿನ ಮೌಲ್ಯ ಎಷ್ಟಾಯಿತೆಂದು ಕೋಷ್ಟಕ ಬರೆಯಿರಿ. ಒಂದು ಪುಟ ತುಂಬುವ ಈ ಬೇಸರದ ಕೆಲಸವೇ ನಿಜವಾದ ಓದು.

ಎಂಟನೆಯ ವಾರದಿಂದ ನಿಮಗೆ ಗೊತ್ತಿರುವ ಒಂದು ಲೆಕ್ಕವನ್ನು ಪ್ರೋಗ್ರಾಂ ಮಾಡಿ. ಹಳ್ಳಿಯ ಡೇರಿಯ ಹಾಲಿನ ಬಟವಾಡೆಯನ್ನೇ ತೆಗೆದುಕೊಳ್ಳೋಣ: ಒಬ್ಬೊಬ್ಬ ಸದಸ್ಯರು ಬೆಳಿಗ್ಗೆ ಸಂಜೆ ಹಾಕಿದ ಲೀಟರ್, ಫ್ಯಾಟ್‌ಗೆ ತಕ್ಕ ದರ, ಮುರಿದುಕೊಳ್ಳಬೇಕಾದ ಪಶು ಆಹಾರದ ಸಾಲ. ಕೂಡಿ ಗುಣಿಸುವುದು ಒಂದು ಸಂಜೆಯ ಕೆಲಸ. ಸದಸ್ಯರು ಒಂದು ಹೊತ್ತು ಹಾಲು ಹಾಕದಿದ್ದರೆ, ಫ್ಯಾಟ್ 4.5 ಎಂದಾಗಬೇಕಾದದ್ದು 45 ಎಂದು ದಾಖಲಾದರೆ, ಸಾಲವೇ ಬಟವಾಡೆಗಿಂತ ಹೆಚ್ಚಾದರೆ ಏನಾಗಬೇಕು ಎಂಬ ಪ್ರಶ್ನೆಗಳಿಗೆ ಎರಡು ವಾರ ಹಿಡಿಯಬಹುದು. ಆ ಎರಡು ವಾರ ನಿಮಗೆ ಹಿಡಿಸಿತೇ ಎಂಬುದನ್ನು ಗಮನಿಸಿ. ಈ ವಿದ್ಯೆಯ ದಿನನಿತ್ಯದ ರೂಪ ಅದೇ.

ಈ ಅವಧಿಯಲ್ಲಿ ಉತ್ತರ ಬರೆದುಕೊಡುವ ಎಐ ಸಾಧನಗಳನ್ನು ಮುಟ್ಟಬೇಡಿ. ಮುಂದೆ ಅವು ಉಪಯುಕ್ತ. ಈಗ ಬಳಸಿದರೆ ನಿಮ್ಮ ಶಕ್ತಿಯ ಅಳತೆ ನಿಮಗೆ ಸಿಗುವುದಿಲ್ಲ.

ವಾರದ ಐದು ದಿನಗಳಲ್ಲಿ ಒಂದು ದಿನ ಗಣಿತಕ್ಕೆ ಮೀಸಲಾಗಲಿ. ಪ್ರಥಮ ಪಿಯುಸಿ ಪುಸ್ತಕದ ಗಣಗಳು, ಕ್ರಮಯೋಜನೆ ಮತ್ತು ವಿಕಲ್ಪ, ಸಂಭವನೀಯತೆ ಈ ಅಧ್ಯಾಯಗಳ ಲೆಕ್ಕಗಳನ್ನು ಬಿಡಿಸಿ. ಎಸ್ಸೆಸ್ಸೆಲ್ಸಿ ನಂತರ ಗಣಿತ ಬಿಟ್ಟವರಿಗೆ ಮೊದಲ ತಿಂಗಳು ಕಷ್ಟವೆನಿಸುವುದು ಸಹಜ, ಅದನ್ನು ಸೋಲೆಂದು ಎಣಿಸಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಪ್ರತಿ ಪಾಠದ ಸಾರವನ್ನು ಮೊದಲು ಕನ್ನಡದಲ್ಲಿ ಬರೆದು, ನಂತರ ಇಂಗ್ಲಿಷಿನಲ್ಲಿ ಬರೆಯುವುದನ್ನು ರೂಢಿಸಿಕೊಳ್ಳಲಿ. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಆದರೆ ಪ್ರಶ್ನೋತ್ತರದ ಗೈಡುಗಳನ್ನು ಕೊಳ್ಳಲೇಬೇಡಿ. ತಪ್ಪು ಔಟ್‌ಪುಟ್ ಅಚ್ಚಾಗಿರುವ ಗೈಡನ್ನು ಬಾಯಿಪಾಠ ಮಾಡಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಕಂಗಾಲಾದವರನ್ನು ಕಂಡು ನಾನು ಮರುಗಿದ್ದೇನೆ.

ಹೆಜ್ಜೆ 4: ಹಣ, ಯಂತ್ರ, ಮನೆ

8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವೇಗದ ಸಂಗ್ರಹ ಸಾಧನ) ಇರುವ ಹಳೆಯ ಲ್ಯಾಪ್‌ಟಾಪ್ ಸಾಕು, ಮೊಬೈಲ್ ಸಾಲದು. ಶುಲ್ಕದ ಜೊತೆಗೆ ಪರೀಕ್ಷಾ ಶುಲ್ಕ ಮತ್ತು ಪ್ರಯಾಣದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಆ ಎರಡು ಗಂಟೆಗಳಲ್ಲಿ ಮನೆಯ ಯಾವ ಕೆಲಸವನ್ನು ಯಾರು ವಹಿಸಿಕೊಳ್ಳುತ್ತಾರೆ ಎಂದು ಮನೆಯವರೆಲ್ಲ ಕುಳಿತು ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ.

ಹೆಜ್ಜೆ 5: ಕ್ಯಾಲೆಂಡರ್ ನೋಡಿ ತೀರ್ಮಾನಿಸಿ

ಅರವತ್ತು ದಿನಗಳಲ್ಲಿ ನಲವತ್ತೈದು ದಿನವಾದರೂ ಕುಳಿತಿದ್ದರೆ, ಪ್ರೋಗ್ರಾಂ ಕೆಟ್ಟು ನಿಂತ ಮರುದಿನವೂ ಅದನ್ನೇ ತೆರೆಯುವ ಮನಸ್ಸಾಗಿದ್ದರೆ, ಸೇರಿ. ಮನಸ್ಸಾಗಿದ್ದರೂ ಮೂವತ್ತು ದಿನ ಮಾತ್ರ ಕೂರಲಾಗಿದ್ದರೆ ಈ ವರ್ಷ ಬಿಟ್ಟು, ಮನೆಯ ಏರ್ಪಾಡು ಬದಲಿಸಿ, ಇನ್ನೊಮ್ಮೆ ಹನ್ನೆರಡು ವಾರ ಪ್ರಯತ್ನಿಸಿ. ದಿನಗಳೆಲ್ಲ ಕೂಡಿ ಬಂದರೂ ಆ ಕೆಲಸವೇ ಬೇಸರ ತಂದಿದ್ದರೆ ಸೇರಬೇಡಿ. ಇಗ್ನೋದಲ್ಲಿ ಜನವರಿ ಮತ್ತು ಜುಲೈ ಎರಡು ಪ್ರವೇಶಾವಧಿಗಳಿರುವುದರಿಂದ, ಜುಲೈಗೆ ಸೇರಬಯಸುವವರು ಮಾರ್ಚ್ ಕೊನೆಯ ವಾರದಿಂದ, ಜನವರಿಗೆ ಸೇರಬಯಸುವವರು ಸೆಪ್ಟೆಂಬರ್ ಕೊನೆಯ ವಾರದಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ತೊಡಗಿದರೆ ಅರ್ಜಿ ತುಂಬುವ ಹೊತ್ತಿಗೆ ಉತ್ತರ ಕೈಯಲ್ಲಿರುತ್ತದೆ.